ಸ್ಪೋಕನ್ ಇಂಗ್ಲಿಷ್‌ಗೆ ಕೋಚಿಂಗೋ, ಆನ್‌ಲೈನೋ, ಎರಡೂ ಸೇರಿಸಿಯೋ? ಪದವಿ ವಿದ್ಯಾರ್ಥಿಗಳಿಗೊಂದು ಹೋಲಿಕೆ

"ಕೇಳಿದರೆ ಅರ್ಥ ಆಗುತ್ತೆ ಸರ್, ಮಾತಾಡೋಕೆ ಮಾತ್ರ ಬಾಯಿ ಬರಲ್ಲ." ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಮಾಡುವ ಎಲ್ಲರೂ ಈ ಮಾತನ್ನು ಕೇಳಿಸಿಕೊಂಡಿದ್ದಾರೆ. ನಾನೂ ಪ್ರತಿ ವರ್ಷ ಕೇಳುತ್ತೇನೆ. ಕೊನೆಯ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಇಂಟರ್‌ವ್ಯೂ ನೋಟಿಸ್ ಬಿದ್ದ ಮೇಲೆ ಹುಡುಗರು ಹುಡುಗಿಯರು ಓಡಾಡಿ ಕೋರ್ಸ್ ಹುಡುಕಲು ಶುರು ಮಾಡುತ್ತಾರೆ. ಬಸ್ ಸ್ಟ್ಯಾಂಡ್ ಎದುರಿನ ಕೋಚಿಂಗ್ ಬೋರ್ಡು, ಫೋನ್ ತೆಗೆದರೆ ಆ್ಯಪ್ ಜಾಹೀರಾತು, ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನ ಆನ್‌ಲೈನ್ ಕೋರ್ಸು, ಕಾಲೇಜಿನದೇ ಲ್ಯಾಂಗ್ವೇಜ್ ಲ್ಯಾಬು, ಈಗೀಗ ಫೋನಿನಲ್ಲೇ ಮಾತಾಡುವ ಎಐ. ಯಾವುದಕ್ಕೆ ದುಡ್ಡು ಕಟ್ಟಬೇಕು, ಯಾವುದಕ್ಕೆ ಬರೀ ಸಮಯ ಕೊಟ್ಟರೆ ಸಾಕು, ಯಾವುದನ್ನು ಯಾವುದರ ಜೊತೆ ಸೇರಿಸಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಅಳತೆ ಯಾವುದೆಂದು ಗೊತ್ತಾಗಲಿ

ಕೋರ್ಸ್ ಮಾರುವವರು ಎಷ್ಟು ಗಂಟೆ ವಿಡಿಯೋ ಇದೆ, ಎಷ್ಟು ಪುಟ ಮೆಟೀರಿಯಲ್ ಇದೆ, ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಹೇಳುತ್ತಾರೆ. ನೀವು ಕೇಳಬೇಕಾದ್ದು ಬೇರೆ: ಇದರಲ್ಲಿ ವಾರಕ್ಕೆ ಎಷ್ಟು ನಿಮಿಷ ನಾನು ಬಾಯಿ ಬಿಟ್ಟು ಮಾತಾಡುತ್ತೇನೆ? ಆ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ?

ಸರಳ ಲೆಕ್ಕ ಹಾಕೋಣ. ತರಗತಿಯಲ್ಲಿ 60 ಮಂದಿ, ಪಿರಿಯಡ್ 55 ನಿಮಿಷ. ಮೇಷ್ಟ್ರು ಒಂದಕ್ಷರ ಮಾತಾಡದೆ ಇಡೀ ಪಿರಿಯಡ್ ಬಿಟ್ಟುಕೊಟ್ಟರೂ, ಒಬ್ಬೊಬ್ಬರೇ ಎದ್ದು ನಿಂತು ಮಾತಾಡಿದರೆ ತಲೆಗೆ ಒಂದು ನಿಮಿಷವೂ ಸಿಗುವುದಿಲ್ಲ. ಅದೇ 60 ಮಂದಿಯನ್ನು 30 ಜೋಡಿ ಮಾಡಿ ಕೂರಿಸಿ, 40 ನಿಮಿಷ ಪರಸ್ಪರ ಮಾತಾಡಲು ಬಿಟ್ಟರೆ ತಲೆಗೆ 20 ನಿಮಿಷ ಸಿಗುತ್ತದೆ. ಕೋಣೆ ಅದೇ, ಮೇಷ್ಟ್ರು ಅವರೇ, ಫೀಸೂ ಅಷ್ಟೇ.

ಕೇಳಿ ಕೇಳಿ ಮಾತು ತಾನಾಗಿ ಬಂದುಬಿಡುತ್ತದೆ ಎಂದು ನಂಬಿದವರು ಬಹಳ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚ್ ಮಾಧ್ಯಮದಲ್ಲೇ ಪಾಠ ಮಾಡುವ ಶಾಲೆಗಳಿವೆ. ಅಲ್ಲಿ ವರ್ಷಗಟ್ಟಲೆ ಓದಿದ ಮಕ್ಕಳು ಫ್ರೆಂಚನ್ನು ಚೆನ್ನಾಗಿ ಗ್ರಹಿಸುತ್ತಿದ್ದರು, ಆದರೆ ತಾವೇ ಮಾತಾಡುವಾಗ, ಬರೆಯುವಾಗ ತಪ್ಪುಗಳು ಹಾಗೇ ಉಳಿದಿದ್ದವು. ಕೇಳುವುದು ಬೇಕು, ಆದರೆ ಅಷ್ಟೇ ಸಾಲದು, ಕಲಿಯುವವರು ಮಾತನ್ನು ತಾವೇ ಕಟ್ಟಿ ಹೊರಹಾಕುವಂತೆ ಮಾಡಬೇಕು ಎಂದು ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದರು. ನಮ್ಮ ವಿದ್ಯಾರ್ಥಿಗಳ "ಅರ್ಥ ಆಗುತ್ತೆ, ಬಾಯಿ ಬರಲ್ಲ" ಎನ್ನುವ ಕಷ್ಟ ಅದೇ ಜಾತಿಯದು.

ಕನ್ನಡದಲ್ಲಿ ಯೋಚಿಸುವವರಿಗೆ ಇದರ ಮೇಲೊಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ನಾನು ನಿನ್ನೆ ಅಣ್ಣನ ಜೊತೆ ಬ್ಯಾಂಕಿಗೆ ಹೋಗಿದ್ದೆ" ಎಂದು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡು, ಆ "ಹೋಗಿದ್ದೆ"ಯನ್ನು ಬಾಲದಿಂದ ಎತ್ತಿ "ನಾನು" ಪಕ್ಕಕ್ಕೆ ತಂದಿಟ್ಟು, ಬ್ಯಾಂಕನ್ನು ಅಣ್ಣನ ಮುಂದಕ್ಕೆ ಸರಿಸಿ, "ಐ ವೆಂಟ್ ಟು ದ ಬ್ಯಾಂಕ್" ಎನ್ನುವಷ್ಟರಲ್ಲಿ ಎದುರಿಗೆ ಕೂತವರು ಮುಂದಿನ ಪ್ರಶ್ನೆ ಕೇಳಿರುತ್ತಾರೆ. ಈ ತಡ ವ್ಯಾಕರಣ ಗೊತ್ತಿಲ್ಲದ್ದರಿಂದ ಆಗುವುದಲ್ಲ. ಕಾಗದದ ಮೇಲೆ ಇದೇ ವಾಕ್ಯವನ್ನು ಅವರು ತಪ್ಪಿಲ್ಲದೆ ಬರೆಯುತ್ತಾರೆ. ಆ ಜೋಡಣೆ ಯೋಚಿಸದೆಯೇ ನಡೆಯುವ ಹಂತಕ್ಕೆ ಬಂದಿಲ್ಲ, ಅಷ್ಟೇ. ಅದು ಬರಲು ಒಂದೇ ಬಗೆಯ ವಾಕ್ಯ ನೂರಾರು ಸಲ ಬಾಯಲ್ಲಿ ಹೊರಳಬೇಕು. ವಿಡಿಯೋ ನೋಡುವುದರಿಂದ ಅದು ಹೊರಳುವುದಿಲ್ಲ.

ಬ್ಲೆಂಡೆಡ್ ಅಂದರೆ ಏನನ್ನು ಎಲ್ಲಿ ಮಾಡುವುದು

ಬ್ಲೆಂಡೆಡ್ ಕಲಿಕೆ, ಅಂದರೆ ಅರ್ಧ ಆನ್‌ಲೈನ್ ಅರ್ಧ ತರಗತಿ ಎಂಬ ಮಾತು ನಮ್ಮ ಕಾಲೇಜುಗಳಲ್ಲಿ ಕೊರೊನಾ ನಂತರ ಹೆಚ್ಚು ಓಡಾಡಿತು. ಪ್ರತಿ ಕೋರ್ಸಿನ ಶೇ. 40ರವರೆಗೆ ಆನ್‌ಲೈನ್, ಉಳಿದ ಶೇ. 60 ತರಗತಿಯಲ್ಲಿ ನಡೆಸಲು ಅವಕಾಶ ಕೊಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಮೇ ತಿಂಗಳ ತನ್ನ ಟಿಪ್ಪಣಿಯಲ್ಲಿ ಸೂಚಿಸಿತ್ತು. ಆದರೆ ಶೇಕಡಾವಾರು ಹಂಚಿಕೆಯಿಂದ ಯಾರಿಗೂ ಮಾತು ಬರುವುದಿಲ್ಲ. ಏನನ್ನು ಆನ್‌ಲೈನಿಗೆ ಹಾಕಿದ್ದಾರೆ, ಏನನ್ನು ಕೋಣೆಗೆ ಉಳಿಸಿದ್ದಾರೆ ಎಂಬುದನ್ನು ನೋಡಬೇಕು.

ಅಮೆರಿಕದ ಶಿಕ್ಷಣ ಇಲಾಖೆ ಆನ್‌ಲೈನ್ ಕಲಿಕೆಯ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿ 2010ರಲ್ಲಿ ಪರಿಷ್ಕೃತ ವರದಿ ಪ್ರಕಟಿಸಿತು. ಬರೀ ತರಗತಿಯಲ್ಲಿ ಕಲಿತವರಿಗಿಂತ ಎರಡನ್ನೂ ಬೆರೆಸಿ ಕಲಿತವರು ಮುಂದಿದ್ದರು. ಈ ಭಾಗವನ್ನು ಎಲ್ಲ ಕೋರ್ಸ್ ಮಾರಾಟಗಾರರೂ ಎತ್ತಿ ಹೇಳುತ್ತಾರೆ. ವರದಿ ಬರೆದವರೇ ಕೊಟ್ಟ ಎಚ್ಚರಿಕೆಯನ್ನು ಹೇಳುವವರು ಕಡಿಮೆ: ಬೆರೆಸಿ ಕಲಿತವರಿಗೆ ಹೆಚ್ಚು ಸಮಯವೂ ಹೆಚ್ಚು ಸಾಮಗ್ರಿಯೂ ಸಿಕ್ಕಿತ್ತು, ಹಾಗಾಗಿ ಗೆದ್ದದ್ದು ಆನ್‌ಲೈನ್ ಎಂಬ ಮಾಧ್ಯಮವೇ ಎಂದು ತಿಳಿಯಬಾರದು. ನನಗೆ ಈ ಎಚ್ಚರಿಕೆಯೇ ಹೆಚ್ಚು ಉಪಯೋಗದ್ದು ಅನ್ನಿಸುತ್ತದೆ. ಆನ್‌ಲೈನ್ ಭಾಗ ನಿಮ್ಮ ಒಟ್ಟು ಅಭ್ಯಾಸದ ಹೊತ್ತನ್ನು ಹೆಚ್ಚಿಸಬೇಕು. ತರಗತಿಯ ಹೊತ್ತನ್ನು ಕಿತ್ತುಕೊಂಡು ಅದರ ಜಾಗದಲ್ಲಿ ಬಂದು ಕೂತರೆ ನಷ್ಟ.

ಕೆಟ್ಟ ಬೆರಕೆ ಹೇಗಿರುತ್ತದೆಂದರೆ, ಸೋಮವಾರ ಮೇಷ್ಟ್ರು ಬೋರ್ಡಿನ ಮೇಲೆ ಟೆನ್ಸ್ ವಿವರಿಸುತ್ತಾರೆ, ಮಂಗಳವಾರ ಅದೇ ಟೆನ್ಸ್ ಜೂಮ್‌ನಲ್ಲಿ, ಬುಧವಾರ ಗೂಗಲ್ ಫಾರ್ಮ್‌ನಲ್ಲಿ ಕ್ವಿಜ್. ಮೂರು ದಿನವೂ ವಿದ್ಯಾರ್ಥಿ ಬಾಯಿ ಬಿಟ್ಟಿಲ್ಲ. ಒಳ್ಳೆಯ ಬೆರಕೆಯಲ್ಲಿ ವಿವರಣೆ, ಪದ, ಕೇಳುವ ಅಭ್ಯಾಸ, ಉಚ್ಚಾರಣೆಯ ಮಾದರಿ ಎಲ್ಲ ಫೋನಿನಲ್ಲಿ ಮುಗಿದಿರುತ್ತವೆ. ಬೇಕಾದಷ್ಟು ಸಲ ಹಿಂದಕ್ಕೆ ಓಡಿಸಿ ಕೇಳಬಹುದು, ನಾಚಿಕೆಯಿಲ್ಲ. ತರಗತಿಗೆ ಬಂದ ಕೂಡಲೇ ಜೋಡಿ ಮಾತು, ಗುಂಪು ಚರ್ಚೆ, ಅಣಕು ಇಂಟರ್‌ವ್ಯೂ. ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತ ಕಿವಿಗೆ ಬಿದ್ದ ತಪ್ಪು ಬರೆದುಕೊಂಡು ಕೊನೆಯ ಹತ್ತು ನಿಮಿಷ ಅದನ್ನು ತಿದ್ದುತ್ತಾರೆ. ಅಮೆರಿಕದ ಕೊಲರಾಡೋದ ಒಂದು ಹೈಸ್ಕೂಲಿನಲ್ಲಿ 2007ರ ಸುಮಾರಿಗೆ ಇಬ್ಬರು ರಸಾಯನಶಾಸ್ತ್ರದ ಶಿಕ್ಷಕರು ಪಾಠವನ್ನು ರೆಕಾರ್ಡ್ ಮಾಡಿ ಮನೆಗೆ ಕಳಿಸಿ, ತರಗತಿಯನ್ನು ಅಭ್ಯಾಸಕ್ಕೆ ಬಿಟ್ಟುಕೊಟ್ಟರು. ಫ್ಲಿಪ್ಡ್ ಕ್ಲಾಸ್‌ರೂಮ್ ಎಂದು ಅದು ಹೆಸರಾಯಿತು. ರಸಾಯನಶಾಸ್ತ್ರಕ್ಕೇ ಅದು ಹೊಂದಿದರೆ ಮಾತು ಕಲಿಸುವ ವಿಷಯಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ.

ಸ್ವಯಂ, ಎನ್‌ಪಿಟಿಇಎಲ್ ಕೋರ್ಸುಗಳು

ದೇಶದ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್, 2017ರಲ್ಲಿ ಕೇಂದ್ರ ಸರ್ಕಾರ ತಂದ ಸ್ವಯಂ, ಎರಡರಲ್ಲೂ ಇಂಗ್ಲಿಷ್ ಸಂವಹನ, ಸಾಫ್ಟ್ ಸ್ಕಿಲ್ಸ್ ಕೋರ್ಸುಗಳಿವೆ. ಸೇರಲು, ಪಾಠ ಕೇಳಲು ದುಡ್ಡಿಲ್ಲ. ಎನ್‌ಪಿಟಿಇಎಲ್ ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷೆಗೆ 1,000 ರೂ. ಕಟ್ಟಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಅರ್ಧ. ವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರದಲ್ಲಿ ಕೂತು ಬರೆಯುವ ಪರೀಕ್ಷೆಗೆ 75. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಿ ಕ್ರೆಡಿಟ್ ಪಡೆಯಲು ಯುಜಿಸಿ 2021ರ ನಿಯಮ ಅವಕಾಶ ಕೊಡುತ್ತದೆ. ನಿಮ್ಮ ವಿಶ್ವವಿದ್ಯಾಲಯ ಯಾವುದನ್ನು ಒಪ್ಪುತ್ತದೆ ಎಂದು ಕಾಲೇಜಿನ ಸ್ವಯಂ ಮೆಂಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಪಾಠದ ಗುಣಮಟ್ಟದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಇದನ್ನೇ ಸ್ಪೋಕನ್ ಇಂಗ್ಲಿಷ್ ಕೋರ್ಸ್ ಎಂದುಕೊಳ್ಳುವುದರ ಬಗ್ಗೆ. ಅಸೈನ್‌ಮೆಂಟಿನಲ್ಲಿ ನಾಲ್ಕು ಉತ್ತರಗಳಲ್ಲಿ ಸರಿಯಾದ್ದನ್ನು ಒತ್ತುತ್ತೀರಿ. ಪೂರ್ತಿ ಕೋರ್ಸಿನಲ್ಲಿ ನಿಮ್ಮ ದನಿಯನ್ನು ಯಾರೂ ಕೇಳಿರುವುದಿಲ್ಲ. ವಿಟಿಯು 2022ರ ಸ್ಕೀಮಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಇಟ್ಟಿದ್ದ ಕಮ್ಯುನಿಕೇಟಿವ್ ಇಂಗ್ಲಿಷ್ ಪತ್ರಿಕೆಯ ತೂಕವೂ 1 ಕ್ರೆಡಿಟ್ ಮಾತ್ರ. ಹಾಗಾಗಿ ಅಂಕಪಟ್ಟಿಯಲ್ಲಿ ಇಂಗ್ಲಿಷ್ ಪಾಸಾಗಿರುವುದಕ್ಕೂ ಎದುರು ಕೂತವರ ಜೊತೆ ಐದು ನಿಮಿಷ ಮಾತಾಡುವುದಕ್ಕೂ ನಂಟು ತೆಳ್ಳಗಿದೆ.

ಇನ್ನೊಂದು ಅಪಾಯ, ಅರ್ಧಕ್ಕೆ ಬಿಡುವುದು. ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದಲ್ಲಿ ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ನಡೆಸುವ ಕೋರ್ಸುಗಳಿಗೆ 2017–18ರಲ್ಲಿ ಸೇರಿದವರಲ್ಲಿ ಪೂರ್ತಿ ಮುಗಿಸಿದವರು ಶೇ. 3ರ ಆಸುಪಾಸು ಎಂದು ಎಂಐಟಿಯ ಇಬ್ಬರು ಸಂಶೋಧಕರು 2019ರಲ್ಲಿ ಲೆಕ್ಕ ಕೊಟ್ಟರು. ಪುಕ್ಕಟೆ ಸಿಕ್ಕಿದ್ದನ್ನು ಒಂಟಿಯಾಗಿ ಮುಗಿಸುವುದು ಕಷ್ಟ. ಇಬ್ಬರು ಮೂವರು ಗೆಳೆಯರು ಒಂದೇ ಕೋರ್ಸಿಗೆ ಸೇರಿ, ವಾರದ ಪಾಠ ಮುಗಿದ ಮೇಲೆ ಅದರ ಬಗ್ಗೆಯೇ ಇಂಗ್ಲಿಷ್‌ನಲ್ಲಿ ಮಾತಾಡಿದರೆ ಕೋರ್ಸೂ ಮುಗಿಯುತ್ತದೆ, ಅದರಲ್ಲಿ ಇಲ್ಲದ ಮಾತಿನ ಭಾಗವನ್ನೂ ನೀವೇ ಸೇರಿಸಿದಂತಾಗುತ್ತದೆ.

ಬರೀ ಕೇಳುವ ಅಭ್ಯಾಸಕ್ಕಾದರೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮಗಳು, ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣ ಸಾಕು. ಎರಡೂ ಪುಕ್ಕಟೆ.

ಕೋಚಿಂಗ್ ಸೆಂಟರ್

ದುಡ್ಡು ಹೋಗುವುದು ಹೆಚ್ಚಾಗಿ ಇಲ್ಲಿಗೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಒಳ್ಳೆಯ ಸೆಂಟರ್‌ಗಳಿವೆ. ಸಣ್ಣ ಬ್ಯಾಚ್, ದಿನವೂ ಮಾತಾಡಿಸುವ ಟೀಚರ್, ತಪ್ಪಿದರೆ ನಗದ ವಾತಾವರಣ ಸಿಕ್ಕರೆ ಆರೇ ವಾರದಲ್ಲಿ ಹುಡುಗರ ಕುತ್ತಿಗೆ ನೆಟ್ಟಗಾಗುವುದನ್ನು ಕಂಡಿದ್ದೇನೆ. ಮನೆಯಲ್ಲಿ, ಬೀದಿಯಲ್ಲಿ, ಹಾಸ್ಟೆಲಿನಲ್ಲಿ ಇಂಗ್ಲಿಷ್ ಕಿವಿಗೇ ಬೀಳದವರಿಗೆ ದಿನಕ್ಕೊಂದು ಗಂಟೆ ಇಂಗ್ಲಿಷ್ ಮಾತ್ರ ಆಡುವ ಕೋಣೆಯೊಂದು ಸಿಗುವುದೇ ದೊಡ್ಡದು.

ಆದರೆ ಇಂಥವೂ ಇವೆ: ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಅಪ್ಪ ಹಾಲಿನ ದುಡ್ಡು ಕೂಡಿಸಿ ಕೊಟ್ಟ ಹಣವನ್ನು ಒಂದೇ ಕಂತಿನಲ್ಲಿ ಕಟ್ಟಿ ಒಂದು ಸೆಂಟರ್‌ಗೆ ಸೇರಿದಳು. ಬ್ಯಾಚಿನಲ್ಲಿ ನಲವತ್ತು ಚಿಲ್ಲರೆ ಮಂದಿ. ಟೀಚರ್ ಹನ್ನೆರಡು ಟೆನ್ಸಿನ ಸೂತ್ರ ಡಿಕ್ಟೇಟ್ ಮಾಡಿದರು, ಇವಳು ಅಂದವಾಗಿ ನೋಟ್ಸ್ ಬರೆದುಕೊಂಡಳು. ಆ ನೋಟ್‌ಬುಕ್ ನನಗೆ ತೋರಿಸಿದಳು. ಕೆಂಪು ಪೆನ್ನಿನ ಅಂಡರ್‌ಲೈನ್, ಕರ್ತರಿ ಕರ್ಮಣಿ ಪ್ರಯೋಗದ ಕೋಷ್ಟಕ, ಎಲ್ಲ ಇತ್ತು. "ನೀನು ಅಲ್ಲಿ ಏನು ಮಾತಾಡಿದೆ?" ಎಂದು ಕೇಳಿದೆ. "ಮೊದಲ ದಿನ ಹೆಸರು ಹೇಳಿದೆ ಸರ್" ಅಂದಳು. ದುಡ್ಡು ವಾಪಸ್ ಕೇಳಿದರೆ ರಸೀದಿಯ ಹಿಂಬದಿಯ ಷರತ್ತು ತೋರಿಸಿದರಂತೆ. ಆ ಮನೆಯ ಪರಿಸ್ಥಿತಿ ಗೊತ್ತಿದ್ದ ನನಗೆ ಇದು ಇವತ್ತಿಗೂ ಸಂಕಟದ ವಿಷಯ.

ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಒಂದು ಡೆಮೊ ತರಗತಿಯಲ್ಲಿ ಕೂರಿ. ಡೆಮೊಗೆಂದೇ ನಡೆಸುವ ತರಗತಿ ಬೇಡ, ನಡೆಯುತ್ತಿರುವ ಬ್ಯಾಚಿನಲ್ಲಿ ಕೂರಿಸಲು ಕೇಳಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿ. ಕೂತ ಮೇಲೆ ಗಡಿಯಾರ ನೋಡುತ್ತಿರಿ: ಟೀಚರ್ ಎಷ್ಟು ಹೊತ್ತು ಮಾತಾಡಿದರು, ಹುಡುಗರು ಎಷ್ಟು ಹೊತ್ತು? ಹದಿನೈದು ಇಪ್ಪತ್ತು ಮಂದಿಗಿಂತ ದೊಡ್ಡ ಬ್ಯಾಚು, ಅದೂ ಜೋಡಿ ಅಭ್ಯಾಸ ಇಲ್ಲದಿದ್ದರೆ, ಬೇಡ. ತಿಂಗಳು ತಿಂಗಳು ಕಟ್ಟಲು ಒಪ್ಪುವವರನ್ನು ಆರಿಸಿ. "30 ದಿನದಲ್ಲಿ ಫ್ಲುಯೆನ್ಸಿ ಗ್ಯಾರಂಟಿ" ಎಂದು ಬೋರ್ಡ್ ಹಾಕಿದವರ ಹತ್ತಿರ ಆ ಗ್ಯಾರಂಟಿಯನ್ನು ಕಾಗದದ ಮೇಲೆ ಬರೆದುಕೊಡಲು ಹೇಳಿ ನೋಡಿ.

ಒಬ್ಬರಿಗೆ ಒಬ್ಬರೇ ಟೀಚರ್, ವಿಡಿಯೋ ಕಾಲ್‌ನಲ್ಲಿ

ಬಾಯಿ ಆಡುವ ನಿಮಿಷಗಳ ಲೆಕ್ಕದಲ್ಲಿ ಇದನ್ನು ಯಾವುದೂ ಮೀರಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ನಿಮ್ಮದೇ. ತಪ್ಪಿದ ಕ್ಷಣವೇ ತಿದ್ದುತ್ತಾರೆ. ಆದರೆ ಬೆಲೆ ಹೆಚ್ಚು, ತಿಂಗಳುಗಟ್ಟಲೆ ನಡೆಸಲು ಎಲ್ಲರಿಗೂ ಆಗದು. ಕಡಿಮೆ ಹೊತ್ತಿನದನ್ನು ಹೆಚ್ಚು ದಿನ ತೆಗೆದುಕೊಳ್ಳಿ, ವಾರಕ್ಕೊಂದು ಗಂಟೆಗಿಂತ ಇಪ್ಪತ್ತು ನಿಮಿಷದ ಮೂರು ಕಾಲ್ ಲೇಸು. ವಿದೇಶಿ ಟೀಚರೇ ಬೇಕು ಎಂದು ದುಪ್ಪಟ್ಟು ಕೊಡುವುದು ಪದವಿ ವಿದ್ಯಾರ್ಥಿಗೆ ಅನಗತ್ಯ. ಭಾಷಾ ಸಾಮರ್ಥ್ಯ ಅಳೆಯಲು ಯುರೋಪಿನ ಕೌನ್ಸಿಲ್ ಮಾಡಿದ, ಎ1ರಿಂದ ಸಿ2ವರೆಗಿನ ಪಟ್ಟಿಯಲ್ಲೇ 2018ರ ಪರಿಷ್ಕರಣೆಯಲ್ಲಿ "ಮಾತೃಭಾಷಿಕರಂತೆ" ಎಂಬ ಮಾನದಂಡವನ್ನು ಕೈಬಿಟ್ಟಿದ್ದಾರೆ. ಕನ್ನಡ ಬಲ್ಲ ಟೀಚರಾದರೆ "ಯೆಸ್ಟರ್‌ಡೇ ಓನ್ಲಿ ಐ ಕೇಮ್" ಎಂದಾಗ ಅದರ ಹಿಂದೆ "ನಿನ್ನೇನೇ ಬಂದೆ" ಇದೆ ಎಂದು ಥಟ್ಟನೆ ಹಿಡಿಯುತ್ತಾರೆ.

ಆ್ಯಪ್, ಎಐ ಜೊತೆ ಮಾತು

ಪದ ಜೋಡಿಸುವ, ಖಾಲಿ ಜಾಗ ತುಂಬುವ ಆ್ಯಪ್‌ಗಳು ಬಸ್ಸಿನಲ್ಲಿ ಕೂತಾಗ ಪದಸಂಪತ್ತು ಬೆಳೆಸಲು ಸರಿ. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಜೆಮಿನಿ ಲೈವ್, ಚಾಟ್‌ಜಿಪಿಟಿಯ ವಾಯ್ಸ್ ಮೋಡ್‌ನಂಥ ಸೌಲಭ್ಯಗಳು ಬೇರೆ ಮಾತು. ನಾಚಿಕೆಯೇ ದೊಡ್ಡ ಗೋಡೆಯಾಗಿರುವ ವಿದ್ಯಾರ್ಥಿಗೆ ನಗದ, ಬೇಸರ ಮಾಡಿಕೊಳ್ಳದ ಕೇಳುಗ ಸಿಕ್ಕಂತಾಯಿತು, ಅದೂ ರಾತ್ರಿ ಹತ್ತಕ್ಕೂ. ಆದರೆ "ಹಲೋ, ಲೆಟ್ಸ್ ಟಾಕ್" ಎಂದು ಬಿಟ್ಟರೆ ಅದೇ ಉದ್ದುದ್ದ ಮಾತಾಡುತ್ತದೆ, ನೀವು "ಯೆಸ್, ಓಕೆ" ಎನ್ನುತ್ತ ಕೂರುತ್ತೀರಿ. ಶುರುವಿನಲ್ಲೇ ಕನ್ನಡದಲ್ಲಾದರೂ ಸರಿ, ಸ್ಪಷ್ಟವಾಗಿ ಹೇಳಿ: "ನಾನು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿ. ಬ್ಯಾಂಕ್ ಕೆಲಸದ ಇಂಟರ್‌ವ್ಯೂ ಮಾಡು. ಒಂದು ಸಲಕ್ಕೆ ಒಂದೇ ಪ್ರಶ್ನೆ, ನಿನ್ನ ಮಾತು ಎರಡು ಸಾಲು ಮೀರದಿರಲಿ. ನನ್ನ ಉತ್ತರ ಮುಗಿದ ಮೇಲೆ ಎರಡೇ ತಪ್ಪು ತೋರಿಸು, ಆ ಉತ್ತರವನ್ನೇ ಮತ್ತೆ ಹೇಳಿಸು." ಆ ಕೊನೆಯ ಸೂಚನೆ ಬಿಡಬೇಡಿ. ತಿದ್ದಿದ್ದನ್ನು ಮತ್ತೆ ಬಾಯಲ್ಲಿ ಹೇಳಿದಾಗಲೇ ಅದು ನಿಮ್ಮದಾಗುವುದು.

ಇದರ ಮಿತಿಗಳೂ ಗೊತ್ತಿರಲಿ. ಉಚ್ಚಾರಣೆ ಕೆಟ್ಟಿದ್ದರೂ ಯಂತ್ರ ಸಂದರ್ಭದಿಂದ ಊಹಿಸಿ ಅರ್ಥ ಮಾಡಿಕೊಂಡುಬಿಡುತ್ತದೆ, ಎದುರಿನ ಮನುಷ್ಯರಿಗೆ ಹಾಗಾಗದು. ಸುಮ್ಮಸುಮ್ಮನೆ ಹೊಗಳುತ್ತದೆ. ಮುಖ್ಯವಾಗಿ, ಗ್ರೂಪ್ ಡಿಸ್ಕಶನ್‌ನಲ್ಲಿ ಆರು ಮಂದಿಯ ನಡುವೆ ಮಾತಿಗೆ ಜಾಗ ಮಾಡಿಕೊಳ್ಳುವುದನ್ನು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಅದು ಕಲಿಸಲಾರದು. ಆಧಾರ್, ಬ್ಯಾಂಕ್ ವಿವರ, ಮನೆಯ ವಿಳಾಸ ಅದರ ಮುಂದೆ ಹೇಳಬೇಡಿ.

ಒಂದು ಕಡೆ ಮಾತ್ರ ಯಂತ್ರದ ಎದುರಿನ ಅಭ್ಯಾಸ ನೇರ ಉಪಯೋಗಕ್ಕೆ ಬರುತ್ತದೆ. ಪಿಯರ್ಸನ್ ಕಂಪನಿಯ ವರ್ಸಾಂಟ್‌ನಂಥ ಇಂಗ್ಲಿಷ್ ಪರೀಕ್ಷೆಗಳಲ್ಲಿ ವಾಕ್ಯ ಓದಿಸಿ, ಕೇಳಿದ್ದನ್ನು ಹಾಗೇ ಹೇಳಿಸಿ, ಸಣ್ಣ ಕಥೆಯನ್ನು ಮತ್ತೆ ಹೇಳಿಸಿ ಅಂಕ ಕೊಡುವುದು ಕಂಪ್ಯೂಟರೇ. ಬಿಪಿಒ ಕೆಲಸಗಳಿಗೆ ಇಂಥ ಪರೀಕ್ಷೆ ಸಾಮಾನ್ಯ. ಹೆಡ್‌ಸೆಟ್ ಹಾಕಿಕೊಂಡು, ನಿಲ್ಲಿಸದೆ ಮಾತಾಡುವ ರೂಢಿ ಮೊದಲೇ ಇದ್ದರೆ ಅಲ್ಲಿ ತಡವರಿಸುವುದು ಕಡಿಮೆಯಾಗುತ್ತದೆ.

ಬೀಗ ಹಾಕಿದ ಲ್ಯಾಬು, ಸಂಜೆಯ ಗುಂಪು

ಎಷ್ಟೋ ಕಾಲೇಜುಗಳಲ್ಲಿ ಲ್ಯಾಂಗ್ವೇಜ್ ಲ್ಯಾಬ್ ಇದೆ, ತಪಾಸಣೆಯ ತಂಡ ಬಂದಾಗ ಮಾತ್ರ ತೆರೆಯುತ್ತದೆ. ಹೆಡ್‌ಸೆಟ್ಟಿದೆ, ರೆಕಾರ್ಡಿಂಗ್ ಇದೆ, ಸದ್ದಿಲ್ಲದ ಕೋಣೆ ಇದೆ. ಹತ್ತು ಮಂದಿ ಸಹಿ ಹಾಕಿ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು ವಾರಕ್ಕೆರಡು ದಿನ ಸಂಜೆ ತೆರೆಸಿಕೊಳ್ಳಿ. ಅದಕ್ಕೆ ನೀವು ಫೀಸ್ ಕಟ್ಟಿದ್ದೀರಿ.

ಸದ್ದಿಲ್ಲದ ಕೋಣೆ ಎಂದದ್ದಕ್ಕೆ ಕಾರಣವಿದೆ. ಆನ್‌ಲೈನ್ ಕಲಿಕೆಯ ಹೋಲಿಕೆಗಳಲ್ಲಿ ಯಾರೂ ಹೇಳದ ವಿಷಯ ಜಾಗದ್ದು. ಎರಡು ಕೋಣೆಯ ಮನೆಯಲ್ಲಿ, ಅಜ್ಜಿ, ತಮ್ಮ, ಟಿವಿ ಎಲ್ಲದರ ನಡುವೆ ಹುಡುಗಿಯೊಬ್ಬಳು ಫೋನ್ ಹಿಡಿದು ಜೋರಾಗಿ ಇಂಗ್ಲಿಷ್ ಮಾತಾಡುವುದು ಸುಲಭವಲ್ಲ. ಯಾರ ಜೊತೆ ಮಾತಾಡ್ತಿದ್ದೀಯ ಎಂಬ ಪ್ರಶ್ನೆ ಬೇರೆ. ಅಂಥವರಿಗೆ ಎಷ್ಟೇ ಒಳ್ಳೆಯ ಆನ್‌ಲೈನ್ ಕೋರ್ಸ್ ಕೊಟ್ಟರೂ ಅವರು ಮೈಕ್ ಮ್ಯೂಟ್ ಮಾಡಿ ಕೇಳುತ್ತಾರಷ್ಟೆ. ಅವರ ಮಾತಿನ ಅಭ್ಯಾಸ ಕಾಲೇಜಿನ ಆವರಣದಲ್ಲೇ ಆಗಬೇಕು, ಮನೆಯಲ್ಲಿ ಇಯರ್‌ಫೋನ್ ಹಾಕಿ ಕೇಳುವ ಭಾಗ ಮಾತ್ರ.

ಎಲ್ಲಕ್ಕಿಂತ ಅಗ್ಗದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ನೆಚ್ಚಿಕೆಯದು, ನಾಲ್ಕೈದು ಮಂದಿಯ ಗುಂಪು. ವಾರಕ್ಕೆ ಎರಡು ಸಂಜೆ ಕ್ಯಾಂಟೀನಿನ ಹಿಂದೆ, ಭಾನುವಾರ ಗೂಗಲ್ ಮೀಟ್‌ನಲ್ಲಿ. ಮೂವರಿಗಿಂತ ಹೆಚ್ಚಿದ್ದರೂ ಪುಕ್ಕಟೆ ಖಾತೆಯಲ್ಲಿ ಒಂದು ಗಂಟೆ ಸಿಗುತ್ತದೆ, ಜೂಮ್‌ನಲ್ಲಿ 40 ನಿಮಿಷ. ಕ್ಯಾಮೆರಾ ಆಫ್ ಮಾಡಿದರೆ ಡೇಟಾ ಬಹಳ ಉಳಿಯುತ್ತದೆ. ತಪ್ಪು ಇಂಗ್ಲಿಷ್ ಮಾತಾಡಿ ತಪ್ಪೇ ಗಟ್ಟಿಯಾಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಗುಂಪೊಂದೇ ಇದ್ದು ತಿದ್ದುವವರು ಯಾರೂ ಇಲ್ಲದಿದ್ದರೆ ಆ ಭಯ ನ್ಯಾಯವಾದದ್ದೇ. ಹಾಗಾಗಿ ಹದಿನೈದು ದಿನಕ್ಕೊಮ್ಮೆಯಾದರೂ ಮೇಷ್ಟ್ರಿಗೆ ಒಂದು ರೆಕಾರ್ಡಿಂಗ್ ಕಳಿಸಿ.

ಗುಂಪಿನಲ್ಲಿ ಏನು ಮಾತಾಡುವುದು ಎಂದು ತೋಚದಿದ್ದರೆ ಈ ಅಭ್ಯಾಸ ಮಾಡಿ. ಭಾಷಾ ಬೋಧನೆಯಲ್ಲಿ ಇದಕ್ಕೆ 4/3/2 ಎನ್ನುತ್ತಾರೆ, ನ್ಯೂಜಿಲೆಂಡಿನ ವಿದ್ವಾಂಸ ಪಾಲ್ ನೇಷನ್ ಇದನ್ನು ಬಹಳ ಪ್ರಚಾರ ಮಾಡಿದರು. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಆರಿಸಿ, ಉದಾಹರಣೆಗೆ ನಿಮ್ಮೂರ ಜಾತ್ರೆ. ಮೊದಲ ಗೆಳತಿಗೆ ನಾಲ್ಕು ನಿಮಿಷ ಹೇಳಿ. ತೇರು ಯಾವಾಗ ಎಳೆಯುತ್ತಾರೆ, ಯಾರು ಬರುತ್ತಾರೆ, ಅಂಗಡಿಗಳು, ಕುಸ್ತಿ. ತಡವರಿಸುತ್ತೀರಿ, "ತೇರು" ಎನ್ನುವುದಕ್ಕೆ ಪದ ಹುಡುಕುತ್ತೀರಿ, "ದಟ್ ದಟ್" ಎನ್ನುತ್ತೀರಿ. ಅದೇ ಮಾತನ್ನು ಎರಡನೆಯವರಿಗೆ ಮೂರು ನಿಮಿಷದಲ್ಲಿ ಹೇಳಿ. ಮೂರನೆಯವರಿಗೆ ಎರಡೇ ನಿಮಿಷದಲ್ಲಿ. ಮೂರನೆಯ ಸಲ ಪದ ಹುಡುಕುವ ಕೆಲಸ ಮುಗಿದಿರುತ್ತದೆ, ವಾಕ್ಯಗಳ ಜಾಡು ಬಿದ್ದಿರುತ್ತದೆ, ಮಾತು ಸರಸರ ಹರಿಯುತ್ತದೆ. ಮೂರೂ ಸಲ ರೆಕಾರ್ಡ್ ಮಾಡಿಕೊಂಡು ಒಂದರ ಹಿಂದೊಂದು ಕೇಳಿ ನೋಡಿ. ಎಂಥ ಅಂಜುಬುರುಕರಿಗೂ ಧೈರ್ಯ ಬರುತ್ತದೆ.

ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿರುವವರಿಗೆ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳೂ ಇವೆ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಸಂಸ್ಥೆಯ ಸಭೆಗಳಲ್ಲಿ ಸಿದ್ಧತೆಯಿಲ್ಲದೆ ಒಂದೆರಡು ನಿಮಿಷ ಮಾತಾಡಿಸುವ ಪದ್ಧತಿ ಇದೆ, ಎಷ್ಟು ಸಲ "ಆ... ಊಂ..." ಎಂದಿರಿ ಎಂದು ಎಣಿಸಲು ಒಬ್ಬರು ಕೂತಿರುತ್ತಾರೆ. 18 ದಾಟಿದವರು ಸೇರಬಹುದು. ಆರು ತಿಂಗಳಿಗೆ 60 ಡಾಲರ್ ಶುಲ್ಕ ನಮ್ಮ ಹುಡುಗರಿಗೆ ಭಾರವೇ, ಆದರೆ ಅತಿಥಿಯಾಗಿ ಹೋಗಿ ಕೂತು ನೋಡಲು ಸಾಮಾನ್ಯವಾಗಿ ಏನೂ ಕೊಡಬೇಕಿಲ್ಲ. ಆನ್‌ಲೈನಿನಲ್ಲೂ ಸೇರುವ ಕ್ಲಬ್‌ಗಳಿವೆ.

ಉಚ್ಚಾರಣೆಗೆ ಯಾವುದು

"ಎಗ್" ಅನ್ನುವುದು "ಯೆಗ್" ಆಗುವುದು, "ಓಲ್ಡ್" "ವೋಲ್ಡ್" ಆಗುವುದು, ಬಸ್ಸು ಬ್ಯಾಂಕು ಎಂದು ಕೊನೆಗೆ ಉಕಾರ ಬರುವುದು, ಝಡ್ ಇರುವಲ್ಲೆಲ್ಲ "ಜ" ಎನ್ನುವುದು ಕನ್ನಡಿಗರ ಇಂಗ್ಲಿಷಿನಲ್ಲಿ ಸಹಜ. ಇವುಗಳಿಂದ ಮಾತು ಅರ್ಥವಾಗದೆ ಹೋಗುವುದು ಅಪರೂಪ. ಹೆಚ್ಚು ತೊಂದರೆ ಕೊಡುವುದು ಒತ್ತು. "ಡೆವಲಪ್"ನಲ್ಲಿ ಒತ್ತು ನಡುವಿನ "ವೆ" ಮೇಲೆ, "ಹೋಟೆಲ್"ನಲ್ಲಿ "ಟೆಲ್" ಮೇಲೆ, "ಕಮಿಟಿ"ಯಲ್ಲಿ "ಮಿ" ಮೇಲೆ. ಕನ್ನಡದಲ್ಲಿ ಹೀಗೆ ಒಂದೇ ಅಕ್ಷರ ಎತ್ತಿ ಹೇಳುವ ರೂಢಿ ಇಲ್ಲದ್ದರಿಂದ ಎಲ್ಲವನ್ನೂ ಸಮಸಮ ಹೇಳಿಬಿಡುತ್ತೇವೆ. ಇದಕ್ಕೆ ಮಾತ್ರ ಆನ್‌ಲೈನೇ ತರಗತಿಗಿಂತ ಮೇಲು. ಆರು ನಿಮಿಷದ ಬಿಬಿಸಿ ಆಡಿಯೋದಿಂದ ಅರ್ಧ ನಿಮಿಷ ಆರಿಸಿ, ಮಾತುಗಾರರ ಬೆನ್ನಿಗೇ ಅದೇ ಏರಿಳಿತದಲ್ಲಿ ಹೇಳುತ್ತ ಹೋಗಿ. ಇದನ್ನು ತರಗತಿಯಲ್ಲಿ ಮಾಡಿಸಿದರೆ ಎಲ್ಲರಿಗೂ ನಗು ಬರುತ್ತದೆ.

ನಿಮ್ಮ ಪರಿಸ್ಥಿತಿಗೆ ಯಾವುದು

ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮೊದಲ ವರ್ಷದಲ್ಲಿದ್ದೀರಿ, ಊರು ತಾಲ್ಲೂಕು ಕೇಂದ್ರ ಅನ್ನೋಣ. ನಿಮ್ಮ ಕೈಯಲ್ಲಿ ಸಮಯವಿದೆ, ಆದ್ದರಿಂದ ದುಡ್ಡು ಖರ್ಚು ಮಾಡಬೇಡಿ. ಕೇಳಲು ಪುಕ್ಕಟೆ ಆಡಿಯೋ, ಮಾತಾಡಲು ಗೆಳೆಯರ ಗುಂಪು, ತಿದ್ದಲು ಕಾಲೇಜಿನ ಮೇಷ್ಟ್ರು. ವಾರಕ್ಕೆ ಆರು ಗಂಟೆ ಕೊಡುವುದಾದರೆ ಪಾಲ್ ನೇಷನ್ ಹೇಳುವ ಹಂಚಿಕೆ ಹಿಡಿಯಿರಿ: ಒಂದೂವರೆ ಗಂಟೆ ಕೇಳುವುದು ಓದುವುದು, ಒಂದೂವರೆ ಗಂಟೆ ಹೊಸ ವಿಷಯ ಮಾತಾಡುವುದು ಬರೆಯುವುದು, ಒಂದೂವರೆ ಗಂಟೆ ವ್ಯಾಕರಣ, ಪದ, ಉಚ್ಚಾರಣೆ, ಉಳಿದ ಒಂದೂವರೆ ಗಂಟೆ ಗೊತ್ತಿರುವುದನ್ನೇ ವೇಗವಾಗಿ ಹೇಳುವ ಅಭ್ಯಾಸ. ಕೋಚಿಂಗ್‌ಗಳು ಆರೂ ಗಂಟೆಯನ್ನು ವ್ಯಾಕರಣಕ್ಕೇ ಸುರಿಯುವುದನ್ನು ಇದರ ಪಕ್ಕ ಇಟ್ಟು ನೋಡಿ.

ಕೊನೆಯ ಸೆಮಿಸ್ಟರ್, ಪ್ಲೇಸ್‌ಮೆಂಟಿಗೆ ಮೂರು ತಿಂಗಳು ಉಳಿದಿದೆ ಅಂದರೆ ದುಡ್ಡು ಖರ್ಚು ಮಾಡುವುದು ಸರಿ, ಆದರೆ ದೊಡ್ಡ ಬ್ಯಾಚಿಗಲ್ಲ. ಸಣ್ಣ ಬ್ಯಾಚಿನ ಕೋಚಿಂಗ್ ಅಥವಾ ವಾರಕ್ಕೆ ಮೂರು ಸಣ್ಣ ಕಾಲ್‌ಗಳ ಟೀಚರ್, ಅದರ ಜೊತೆ ದಿನವೂ ಎಐ ಜೊತೆ ಇಪ್ಪತ್ತು ನಿಮಿಷ ಅಣಕು ಇಂಟರ್‌ವ್ಯೂ. ಈ ಹೊತ್ತಿನಲ್ಲಿ ಹೊಸ ವ್ಯಾಕರಣ ಪುಸ್ತಕ ಹಿಡಿಯಬೇಡಿ. ನಿಮ್ಮ ಪ್ರಾಜೆಕ್ಟ್, ನಿಮ್ಮ ಊರು, ನಿಮ್ಮ ಬಲ ದೌರ್ಬಲ್ಯ, ಇಂಥ ಹತ್ತಿಪ್ಪತ್ತು ವಿಷಯಗಳನ್ನು ಬಾಯಿಪಾಠ ಮಾಡದೆ, ಬೇರೆ ಬೇರೆ ಮಾತಿನಲ್ಲಿ ಹೇಳುವಷ್ಟು ಪಳಗಿಸಿಕೊಳ್ಳಿ.

ಒಬ್ಬರ ಜೊತೆ ಚೆನ್ನಾಗಿಯೇ ಮಾತಾಡುತ್ತೀರಿ, ಗುಂಪಿನಲ್ಲಿ ಕೂತರೆ ಕಲ್ಲಾಗುತ್ತೀರಿ ಎಂದಾದರೆ ನಿಮಗೆ ಆನ್‌ಲೈನ್ ಯಾವುದೂ ಬೇಡ, ಮನುಷ್ಯರ ಗುಂಪೇ ಬೇಕು.

ವಿದೇಶದಲ್ಲಿ ಓದಲು ಐಇಎಲ್‌ಟಿಎಸ್ ಬರೆಯುವವರ ಲೆಕ್ಕ ಬೇರೆ. ಅದರ ಮಾತಿನ ಪರೀಕ್ಷೆ 11ರಿಂದ 14 ನಿಮಿಷ, ಪರೀಕ್ಷಕರ ಜೊತೆ ನೇರ ಮಾತು. ನಡುವೆ ಒಂದು ವಿಷಯ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದೆರಡು ನಿಮಿಷ ಒಬ್ಬರೇ ಮಾತಾಡಬೇಕು. ಮಾತಿನ ಓಟ, ಪದ, ವ್ಯಾಕರಣ, ಉಚ್ಚಾರಣೆ ನಾಲ್ಕಕ್ಕೂ ಸಮ ತೂಕ. ಇದಕ್ಕೆ ಆ ಪರೀಕ್ಷೆ ಬಲ್ಲ ಒಬ್ಬರು ಟೀಚರ್ ಬೇಕು, ಸಾಮಾನ್ಯ ಸ್ಪೋಕನ್ ಇಂಗ್ಲಿಷ್ ಬ್ಯಾಚು ಸಾಲದು.

ಯಾವುದನ್ನೇ ಆರಿಸಿ, ಸೇರಿದ ದಿನವೇ ಒಂದು ರೆಕಾರ್ಡಿಂಗ್ ಮಾಡಿಡಿ. "ನನ್ನ ದಿನಚರಿ" ಅಂಥ ಸಾಮಾನ್ಯ ವಿಷಯ, ಎರಡು ನಿಮಿಷ, ಬರೆದುಕೊಳ್ಳದೆ. ಆರು ವಾರದ ಮೇಲೆ ಅದೇ ವಿಷಯ ಮತ್ತೆ ಎರಡು ನಿಮಿಷ. ಒಟ್ಟು ಎಷ್ಟು ಪದ ಹೇಳಿದಿರಿ, ಎಷ್ಟು ಸಲ ನಿಂತಿರಿ, ಎಷ್ಟು ವಾಕ್ಯ ಪೂರ್ತಿಯಾದವು ಎಂದು ಎಣಿಸಿ. ಪದಗಳು ಹೆಚ್ಚಿ ತಪ್ಪುಗಳು ಹಾಗೇ ಇದ್ದರೆ ತಿದ್ದುವವರನ್ನು ಹುಡುಕಿಕೊಳ್ಳಿ. ತಪ್ಪು ಕಡಿಮೆಯಾಗಿ ವೇಗ ಬರದಿದ್ದರೆ 4/3/2 ಹೆಚ್ಚಿಸಿ. ಎರಡೂ ಬದಲಾಗದಿದ್ದರೆ ಕಟ್ಟಿದ ದುಡ್ಡಿನ ಮುಖ ನೋಡದೆ ಕೋರ್ಸ್ ಬದಲಿಸಿ.